ಮನೆ ಮೇಲೆ ಮಣ್ಣು ಹಾಕುವುದು

ಹರಪನಹಳ್ಳಿಯವರಷ್ಟು ಜಿಲ್ಲೆ ತಿರುಗಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಅದೂ ಕೂತ ಕಟ್ಟೆಯಿಂದ ಏಳದೆ. ಮದ್ರಾಸು ಪ್ರಾಂತ್ಯದ ಬಳ್ಳಾರಿಯಲ್ಲಿದ್ದರು, 1953ರಲ್ಲಿ ಬಳ್ಳಾರಿಯ ಜೊತೆಗೇ ಮೈಸೂರು ರಾಜ್ಯಕ್ಕೆ ಬಂದರು, 1973ರಲ್ಲಿ ಕರ್ನಾಟಕದವರಾದರು, 1997ರಲ್ಲಿ ದಾವಣಗೆರೆಯವರು ಕರೆದೊಯ್ದರು, ಅಲ್ಲಿಂದ ಮತ್ತೆ ಬಳ್ಳಾರಿಗೆ ಬಂದರು, ತಂದ ಗಂಟು ಬಿಚ್ಚುವುದರೊಳಗೆ, 2021ರಲ್ಲಿ, ವಿಜಯನಗರ ಜಿಲ್ಲೆಯವರಾದರು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಮತ್ತು ಈಚೆಗಷ್ಟೇ ತಾಲ್ಲೂಕಿನ ಪಟ್ಟ ಕಟ್ಟಿಸಿಕೊಂಡ ಕೊಟ್ಟೂರಿನವರೂ ಇದೇ ಗಾಡಿಯ ಪ್ರಯಾಣಿಕರೇ, ನಡುವಿನ ಒಂದೆರಡು ನಿಲ್ದಾಣ ಬಿಟ್ಟು. ಇಷ್ಟೆಲ್ಲ ಆಗುವಾಗ ತಲೆಯ ಮೇಲಿನ ಸರಕಾರ ಬದಲಾಯಿತೇ ಹೊರತು ತಲೆಯ ಮೇಲಿನ ಮಾಳಿಗೆ ಬದಲಾಗಲಿಲ್ಲ. ಅದೇ ಮಣ್ಣು, ಅದೇ ಜಂತಿ, ಅದೇ ಬೆಳಕಿಂಡಿ. ಮಾಳಿಗೆ ಬದಲಾಗಲು ಹಿಡಿದದ್ದು ಮೊನ್ನೆ ಮೊನ್ನೆ. ಬದಲಾಗುವ ವೇಗ ನೋಡಿದರೆ, ಇಷ್ಟು ವರ್ಷ ಸುಮ್ಮನಿದ್ದ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸುವಂತೆ ಕಾಣುತ್ತದೆ.

ಹೆಂಚಿನ ಮನೆಯವರಿಗೆ ಒಂದು ಗತ್ತಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಹೆಂಚಿಗೆ ಊರಿದೆ, ಹೆಸರಿದೆ, ಬೆನ್ನ ಮೇಲೆ ಮುದ್ರೆಯಿದೆ. ಹೆಂಚನ್ನು ತಿರುವಿ ನೋಡಿ ಅದರ ಕುಲಗೋತ್ರ ಹೇಳುವವರಿದ್ದಾರೆ. ಮಾಳಿಗೆಗೆ ಅಂಥದ್ದೇನೂ ಇಲ್ಲ. ಅದು ಊರ ಸುತ್ತ ಸಿಕ್ಕಿದ್ದರಲ್ಲೇ ಆದದ್ದು. ಕಲ್ಲುಗೋಡೆಯಿಂದ ಕಲ್ಲುಗೋಡೆಗೆ ತೊಲೆ. ತೊಲೆಯನ್ನು ಹೊರಲು ಬೋದಿಗೆ ಕೂರಿಸಿದ ಕಂಬ. ತೊಲೆಯ ಮೇಲೆ ಗೇಣಿಗೊಂದು ಜಂತಿ. ಉಳ್ಳವರು ತೇಗ ತರಿಸಿದರು, ಉಳಿದವರು ಬೇವು ಹಾಕಿದರು, ಕೂಡ್ಲಿಗಿ ಕಡೆಯ ಕುರುಚಲು ಕಾಡಿನ ಕಮರದ ಮರ ಸಿಕ್ಕವರು ಅದನ್ನೇ ಹಾಕಿ ನಿಶ್ಚಿಂತರಾದರು. ಕಮರಕ್ಕೆ ಮೊಳೆ ಹೊಡೆಯಲು ಹೋದ ಬಡಗಿಗಳ ಬಾಯಿಂದ ಹೊರಡುವ ಮಾತನ್ನು ಇಲ್ಲಿ ಬರೆಯಲಾಗದು, ಅಷ್ಟು ಗಟ್ಟಿ. ಜಂತಿಗಳ ಮೇಲೆ ಅಡ್ಡಡ್ಡ ಸೀಳುಕಟ್ಟಿಗೆ ಇಲ್ಲವೆ ಕಲ್ಲುಚಪ್ಪಡಿ. ಅದರ ಮೇಲೆ ಬಂದರಿಕೆ ಸೊಪ್ಪು, ಬೇವಿನ ಸೊಪ್ಪು, ಗೆದ್ದಲಿಗೆ ಕಹಿಯಾಗಲೆಂದು. ಅದರ ಮೇಲೆ ಕಲಸಿದ ಮಣ್ಣು. ಎಲ್ಲಕ್ಕೂ ಮೇಲೆ ಒಣ ಸವಳು ಮಣ್ಣು.

ಈ ಸವಳು ಮಣ್ಣಿನದು ವಿಚಿತ್ರ ಜಾತಕ. ಹೊಲದಲ್ಲಿ ಅದು ಕಾಣಿಸಿಕೊಂಡರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಬಿತ್ತಿದ್ದು ಹುಟ್ಟುವುದಿಲ್ಲ, ಹುಟ್ಟಿದ್ದು ಮೊಳಕಾಲು ದಾಟುವುದಿಲ್ಲ. ಸೋಡಿಯಂ ತುಂಬಿದ ಜೇಡಿ ಅದು. ನೀರು ಬಿದ್ದ ಕೂಡಲೆ ಕಣಗಳು ಬಿಡಿಬಿಡಿಯಾಗಿ ಕರಗಿ ತಮ್ಮ ನಡುವಿನ ಸಂದುಗಳನ್ನೆಲ್ಲ ತಾವೇ ಮುಚ್ಚಿಬಿಡುತ್ತವೆ. ಮೇಲಿನ ನೀರು ಕೆಳಗಿಳಿಯದು. ಬೇರಿಗೆ ನೀರು ಬಿಡದ ಈ ಗುಣವೇ ಮಾಳಿಗೆಗೆ ವರ. ಊರಿನಲ್ಲಿ ಕೆಲಸಕ್ಕೆ ಬಾರದ ಮಣ್ಣನ್ನು ಹುಡುಕಿ ತಂದು ಎಲ್ಲರಿಗಿಂತ ಎತ್ತರದಲ್ಲಿ ಕೂರಿಸಿದ ನಮ್ಮ ಹಿರಿಯರ ವಿವೇಚನೆಯನ್ನು ಮೆಚ್ಚಬೇಕು. ಅದೇ ಪದ್ಧತಿಯನ್ನು ಅವರ ಮಕ್ಕಳು ಚುನಾವಣೆಗೂ ವಿಸ್ತರಿಸಿದರು ಅನ್ನುವುದು ಬೇರೆ ಮಾತು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸವಳಿಗಾಗಿ ಯಾರೂ ಅರ್ಜಿ ಹಾಕಿದ ಹಾಗಿಲ್ಲ.

ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬೀಳುವ ನಾಡಿಗೆ ಇಷ್ಟು ಸಾಕು. ಆದರೆ ಒಮ್ಮೆ ಹಾಕಿ ಮರೆಯುವಂತಿಲ್ಲ. ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಡುತ್ತದೆ, ಗಾಳಿ ಒಂದಿಷ್ಟು ಒಯ್ಯುತ್ತದೆ, ಮಳೆ ಒಂದಿಷ್ಟು ಇಳಿಸಿಕೊಂಡು ಹೋಗುತ್ತದೆ. ಹಾಗಾಗಿ ಯುಗಾದಿ ಕಳೆದು ಮುಂಗಾರು ಮೂಡುವುದರೊಳಗೆ ಯಾರಾದರೂ ಮಾಳಿಗೆ ಹತ್ತಲೇಬೇಕು. ಹುಲ್ಲು ಕೀಳಬೇಕು, ಅರಳಿ ಸಸಿ ಇದ್ದರೆ ಕೈಮುಗಿದು ಕೀಳಬೇಕು, ಬಿರುಕಿಗೆ ಸವಳು ತುಂಬಬೇಕು, ನೀರು ಹೊರಹೋಗುವ ದೋಣಿಯ ಕಡೆಗೆ ಇಳಿಜಾರು ಸರಿಮಾಡಬೇಕು. ನನ್ನ ಸೋದರತ್ತೆಯೊಬ್ಬರು ಕೊಟ್ಟೂರು ಸೀಮೆಯ ಹಳ್ಳಿಯಲ್ಲಿ ಇಂಥ ಮನೆಯ ಯಜಮಾನಿ. ಎಪ್ಪತ್ತು ದಾಟಿದ್ದಾರೆ. ಅವರು ಮಾಳಿಗೆ ಹತ್ತುವುದನ್ನು ಬಿಟ್ಟಿದ್ದಾರೆ, ಅಪ್ಪಣೆ ಕೊಡುವುದನ್ನು ಬಿಟ್ಟಿಲ್ಲ. ಪಡಸಾಲೆಯಲ್ಲಿ ಕೂತು, ಮೇಲೆ ಓಡಾಡುವವರ ಕಾಲ ಸಪ್ಪಳ ಕೇಳಿಯೇ, "ಮೂಲ್ಯಾಗ ಯಾಕ ನಿಂತೀ, ಅಲ್ಲೇನೂ ಇಲ್ಲ, ದೇವರ ಮನಿ ಮ್ಯಾಲೆ ಹೋಗು, ಹೋದ ವರ್ಷ ಅಲ್ಲೇ ಸೋರಿತ್ತು" ಎಂದು ಕೂಗುತ್ತಾರೆ. ಉಪಗ್ರಹದಿಂದ ನೆಲ ನೋಡುವವರು ಇದ್ದಾರೆ. ನೆಲದಿಂದ ಮಾಳಿಗೆ ನೋಡುವವರನ್ನು ನಾನು ಕಂಡದ್ದು ಇಲ್ಲೇ.

ಪ್ರತಿ ವರ್ಷ ಹಾಕುತ್ತ ಹೋದರೆ ಮಾಳಿಗೆ ದಪ್ಪವಾಗುತ್ತ ಹೋಗುತ್ತದೆ ಅನ್ನುವುದು ಯಾರಿಗೂ ತಿಳಿಯದ ಗುಟ್ಟಲ್ಲ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ನೂರು ಘನ ಅಡಿ. ಘನ ಅಡಿಗೆ 45 ಕಿಲೋ ಎಂದು ಹಿಡಿದರೂ ನಾಲ್ಕೂವರೆ ಟನ್. ಅಂದರೆ ನಮ್ಮ ಹಿರಿಯರು ನೆತ್ತಿಯ ಮೇಲೊಂದು ತುಂಬು ಪ್ರಾಯದ ಆನೆಯನ್ನು ನಿಲ್ಲಿಸಿ, ಅದರ ಕೆಳಗೆ ಕಂಬಳಿ ಹಾಸಿ, ಗೊರಕೆ ಹೊಡೆಯುತ್ತಿದ್ದರು. ಬೆಂಗಳೂರಿನಿಂದ ಬಂದ ನಮ್ಮ ನೆಂಟರ ಹುಡುಗ, ಸಿವಿಲ್ ಎಂಜಿನಿಯರು, ಈ ಲೆಕ್ಕವನ್ನು ಫೋನಿನಲ್ಲಿ ಮಾಡಿ ನೋಡಿದವನೇ ಹಾಸಿಗೆ ಎತ್ತಿಕೊಂಡು ಅಂಗಳಕ್ಕೆ ಹೋದ. ಅಲ್ಲಿ ಸೊಳ್ಳೆಗಳಿದ್ದವು. ಅವಕ್ಕೆ ಸ್ಟ್ರಕ್ಚರಲ್ ಸ್ಟೆಬಿಲಿಟಿಯ ಚಿಂತೆಯಿಲ್ಲ. ಬೆಳಗಿನ ಜಾವ ಹುಡುಗ ಮತ್ತೆ ಆನೆಯ ಕೆಳಗೇ ಬಂದು ಮಲಗಿದ್ದ.

ಹಳಬರಿಗೆ ಈ ಭಾರ ಗೊತ್ತಿತ್ತು. ಎರಡು ಮೂರು ತಲೆಮಾರಿಗೊಮ್ಮೆ ಮಾಳಿಗೆ ಇಳಿಸುತ್ತಿದ್ದರು: ಮಣ್ಣನ್ನೆಲ್ಲ ಕೆಳಗೆ ತಂದು, ತುಂಡಾದ ಜಂತಿ ಬದಲಿಸಿ, ಹೊಸ ಸೊಪ್ಪು ಹಾಸಿ, ತೆಳ್ಳಗೆ ಮತ್ತೆ ಶುರು. ಹಾಗೆ ಇಳಿಸುವುದನ್ನು ನೋಡಬೇಕು. ಪದರ ಪದರವಾಗಿ ಮನೆಯ ಚರಿತ್ರೆ ಬುಟ್ಟಿಯಲ್ಲಿ ಕೆಳಗೆ ಬರುತ್ತದೆ. ಮೇಲಿನ ಪದರದಲ್ಲಿ ಪ್ಲಾಸ್ಟಿಕ್ ಚೆಂಡು, ಹರಿದ ಗಾಳಿಪಟದ ದಾರ, ಡಿಶ್ ಆಂಟೆನಾದವನು ಬಿಟ್ಟುಹೋದ ನಟ್ಟು. ಅದರ ಕೆಳಗೆ ಗೋಲಿಗಳು, ಚಿನ್ನಿಕೋಲಿನ ಚಿನ್ನಿ, ಸಂಡಿಗೆ ಒಣಹಾಕುವಾಗ ಒಡೆದ ಬಳೆಯ ಚೂರುಗಳು, ಬಣ್ಣದಿಂದ ಯಾರ ಕಾಲದ ಬಳೆ ಎಂದು ಮನೆಯ ಹೆಂಗಸರು ಹೇಳಬಲ್ಲರು. ಇನ್ನೂ ಕೆಳಗೆ ಒಂದು ತೂತಿನ ಕಾಸು. ತಳದ ಸೊಪ್ಪು ಮಾತ್ರ ಎಲೆಯ ಆಕಾರ ಹೊತ್ತುಕೊಂಡೇ ಒಣಗಿ ಕೂತಿರುತ್ತದೆ, ಮುಟ್ಟಿದರೆ ಪುಡಿ. ಅತ್ತೆಯ ಮನೆಯಲ್ಲಿ ಹಿಂದೊಮ್ಮೆ ಇಳಿಸಿದಾಗ ಸಿಕ್ಕ ಬೆಳ್ಳಿಯ ಕಾಲುಂಗುರವೊಂದರ ವಾರಸುದಾರಿಕೆ ಇನ್ನೂ ಇತ್ಯರ್ಥವಾಗಿಲ್ಲ. ಮೂರು ಮನೆತನದ ಸೊಸೆಯಂದಿರು ತಮ್ಮ ತಮ್ಮ ಅಜ್ಜಿಯದೆನ್ನುತ್ತಾರೆ. ಅಜ್ಜಿಯಂದಿರು ಮಾಳಿಗೆ ಮೇಲೆ ಕಾಲುಂಗುರ ಕಳಚಿಟ್ಟು ಏನು ಮಾಡುತ್ತಿದ್ದರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಏನು ಮಾಡುತ್ತಿದ್ದರೆಂದರೆ, ಬದುಕುತ್ತಿದ್ದರು. ಮಾಳಿಗೆ ಮನೆಯ ಮುಚ್ಚಳ ಮಾತ್ರವಲ್ಲ, ಇನ್ನೊಂದು ಅಂಗಳ. ಮೆಣಸಿನಕಾಯಿ, ಶೇಂಗಾ, ಹಪ್ಪಳ, ಕುರುಡಿಗೆ ಎಲ್ಲ ಅಲ್ಲೇ ಒಣಗಬೇಕು. ಬೇಸಿಗೆಯ ರಾತ್ರಿ ಮನೆ ಮಂದಿ ಅಲ್ಲೇ ಮಲಗಬೇಕು. ಊರಲ್ಲಿ ಬಯಲಾಟವಿದ್ದರೆ ಹೆಂಗಸರ ಬಾಲ್ಕನಿ ಅದೇ. ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು ಎಳೆಯುವ ದಿನ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಾಗ, ಆ ದಾರಿಯಲ್ಲಿ ಮಾಳಿಗೆ ಇದ್ದವನಿಗೆ ವರ್ಷವಿಡೀ ಇಲ್ಲದ ನೆಂಟರು ಉದ್ಭವಿಸುತ್ತಾರೆ. ಮಾಳಿಗೆಯಿಂದ ಮಾಳಿಗೆಗೆ ಗೋಡೆ ಕೂಡಿದ ಓಣಿಗಳಲ್ಲಿ ಹುಡುಗರು ನೆಲ ಮುಟ್ಟದೆ ಈ ತುದಿಯಿಂದ ಆ ತುದಿಗೆ ಹೋಗಬಲ್ಲರು. ನಡುವೆ ಕುಂಬಿ ದಾಟಬೇಕು, ಯಾರದೋ ಹಪ್ಪಳ ತುಳಿಯಬಾರದು, ಬೆಳಕಿಂಡಿಯೊಳಗೆ ಕಾಲು ಹಾಕಬಾರದು. ಅಷ್ಟೇ ನಿಯಮ.

ಬೆಳಕಿಂಡಿಯ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುವವನು. ಈ ಮನೆಗಳಿಗೆ ಕಿಟಕಿ ಕಡಿಮೆ. ಬಿಸಿಲೂ ಧೂಳೂ ಕಳ್ಳರೂ ಒಂದೇ ದಾರಿಯಲ್ಲಿ ಬರುವ ಸೀಮೆಯಲ್ಲಿ ಗೋಡೆಗೆ ತೂತು ಮಾಡುವುದು ಜಾಣತನವಲ್ಲ. ಹಾಗಾಗಿ ತೂತು ಮೇಲೆ ಹೋಯಿತು. ಒಡೆದ ಗಡಿಗೆಯ ಕಂಠವನ್ನೋ, ಸುಟ್ಟ ಮಣ್ಣಿನ ಬಳೆಯನ್ನೋ ಮಾಳಿಗೆಯೊಳಗೆ ಹುಗಿದು, ಸುತ್ತ ಮಣ್ಣು ಏರಿಸಿ, ನೀರು ಒಳಗೆ ಬಾರದಂತೆ ಅಂಚು ಕಟ್ಟಿದರೆ ಬೆಳಕಿಂಡಿ. ಮುಚ್ಚಲು ಒಂದು ಚಪ್ಪಟೆ ಕಲ್ಲು ಅಥವಾ ಬೋರಲು ಹಾಕುವ ಬಾನಿ. ಒಲೆಯ ಹೊಗೆ ಅದರಲ್ಲಿ ಮೇಲೆ ಹೋಗುತ್ತದೆ, ಬೆಳಕು ಅದರಲ್ಲೇ ಕೆಳಗೆ ಬರುತ್ತದೆ. ಇಬ್ಬರೂ ಒಂದೇ ದಾರಿಯಲ್ಲಿ ಡಿಕ್ಕಿಯಿಲ್ಲದೆ ಓಡಾಡುವುದು ಹರಪನಹಳ್ಳಿ ಬಸ್ ನಿಲ್ದಾಣದ ಎದುರು ಇನ್ನೂ ಸಾಧ್ಯವಾಗಿಲ್ಲ.

ಅಡುಗೆಮನೆಯ ನೆಲದ ಮೇಲೆ ಬೀಳುವ ಆ ಬೆಳಕಿನ ಬಿಲ್ಲೆಯೇ ಮನೆಯ ಗಡಿಯಾರ. ಮಾಳಿಗೆ ದಪ್ಪ, ತೂತು ಸಣ್ಣದು. ಆದ್ದರಿಂದ ಸೂರ್ಯ ಒಂದಿಷ್ಟು ಮೇಲೇರುವವರೆಗೆ ಬಿಸಿಲು ನೆಲ ಮುಟ್ಟದು, ಇಳಿಯಲು ಶುರುವಾದರೆ ನಿಲ್ಲದು. ಹೆಚ್ಚೆಂದರೆ ಹತ್ತಕ್ಕೆ ಶುರು, ಎರಡಕ್ಕೆ ಬಂದ್. ಎಷ್ಟೋ ಕಚೇರಿಗಳ ನಿಜವಾದ ಕೆಲಸದ ವೇಳೆಯೂ ಇಷ್ಟೇ ಆದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಬಿಲ್ಲೆ ಒರಳಿಗೆ ಬಂದರೆ ರೊಟ್ಟಿಗೆ ಹಿಟ್ಟು ನಾದಬೇಕು, ಒರಳು ದಾಟಿ ನೆಲುವಿನ ಕೆಳಗೆ ಬಂದರೆ ಹೊಲಕ್ಕೆ ಬುತ್ತಿ ಹೊರಡಬೇಕು. ನಮ್ಮ ಈ ಐದೂರುಗಳು ಹೆಚ್ಚು ಕಡಿಮೆ 15 ಡಿಗ್ರಿ ಅಕ್ಷಾಂಶದ ಮಗ್ಗುಲಲ್ಲಿವೆ. ಹಾಗಾಗಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವೆ, ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಅಂದು ಮಧ್ಯಾಹ್ನ ಬೆಳಕಿನ ಬಿಲ್ಲೆ ಬೆಳಕಿಂಡಿಯ ಸರಿಯಾಗಿ ಕೆಳಗೆ ನಿಲ್ಲುತ್ತದೆ. ಅತ್ತೆಗೆ ಅಕ್ಷಾಂಶ ಗೊತ್ತಿಲ್ಲ. ಏಪ್ರಿಲ್ಲಿನಲ್ಲಿ ಬಿಲ್ಲೆ ನಡುಮಧ್ಯಕ್ಕೆ ಬಂದರೆ ಸವಳು ತರಿಸುವ ಕಾಲ ಮೀರುತ್ತಿದೆ ಎಂದು ಗೊತ್ತು.

ಮಳೆ ಬಂದಾಗ ನಡೆಯುವುದೇ ಬೇರೆ. ಮೊದಲ ಹನಿ ಬಿದ್ದ ತಕ್ಷಣ ಓಣಿಯ ಎಲ್ಲ ಮನೆಗಳಿಂದ ಒಂದೇ ಕೂಗು: "ಬೆಳಕಿಂಡಿ ಮುಚ್ರೋ!" ಯಾರು ಮುಚ್ಚಬೇಕೆನ್ನುವುದು ಮಾತ್ರ ಯಾವ ಮನೆಯಲ್ಲೂ ತೀರ್ಮಾನವಾಗಿರುವುದಿಲ್ಲ. ಅಣ್ಣ ತಮ್ಮನಿಗೆ ಹೇಳಿ, ತಮ್ಮ ತಂಗಿಗೆ ಹೇಳಿ, ತಂಗಿ ಏಣಿಯ ಅರ್ಧ ಹತ್ತುವುದರೊಳಗೆ ಸಾರಿಗೆ ನೀರು ಸೇರಿ ಆಗಿರುತ್ತದೆ. ಅಂಥ ಸಂಜೆಯ ಸಾರನ್ನು ಯಾರೂ ತೆಳ್ಳಗಾಯಿತೆಂದು ದೂರುವುದಿಲ್ಲ, ಮಳೆ ಬಂತಲ್ಲ. ಬೆಕ್ಕುಗಳು ಮನೆಯೊಳಗೆ ಬರುವುದು, ಮೇಲಿನಿಂದ ಪಕ್ಕದ ಮನೆಯ ಹುಡುಗ "ಏನ್ ಪಲ್ಯ?" ಎಂದು ಕೇಳುವುದು, ಅತ್ತೆ ಸೊಸೆಯರ ಮಾತು ಮಾಳಿಗೆ ಮೇಲಿದ್ದವರ ಕಿವಿಗೆ ಬೀಳುವುದು, ಎಲ್ಲ ಈ ಬೆಳಕಿಂಡಿಯಲ್ಲೇ. ನಗೆಯ ಬೀchi ಹುಟ್ಟಿದ್ದು 1913ರಲ್ಲಿ ಹರಪನಹಳ್ಳಿಯಲ್ಲಿ. ಅವರ ವಿನೋದಕ್ಕೂ ಬೆಳಕಿಂಡಿಗೂ ಸಂಬಂಧ ಕಲ್ಪಿಸಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಆಸೆಯಿದೆ.

ಈಗ ಬೆಳಕಿಂಡಿಗೆ ಮೊದಲು ಗಾಜು ಬಂತು, ಗಾಜಿನ ಮೇಲೆ ಧೂಳು ಬಂತು, ಧೂಳಿನ ಕೆಳಗೆ ಎಲ್‌ಇಡಿ ಬಲ್ಬು ಬಂತು. ಹಗಲು ಹನ್ನೆರಡಕ್ಕೆ, ಮೇಲೆ ಕಣ್ಣು ಕುಕ್ಕುವ ಬಿಸಿಲಿರುವಾಗ, ಕೆಳಗೆ ಬಲ್ಬು ಹಾಕಿ ರೊಟ್ಟಿ ಬಡಿಯುತ್ತಾರೆ. ಅತ್ತ ಬೆಂಗಳೂರಿನ ಹೊಸ ಬಂಗಲೆಗಳಲ್ಲಿ ಸ್ಕೈಲೈಟ್ ಎಂದು ಅದೇ ತೂತಿಗೆ ಲಕ್ಷ ಸುರಿಯುತ್ತಾರೆ. ನಮ್ಮ ಎಂಜಿನಿಯರು ಹುಡುಗನ ಫ್ಲ್ಯಾಟಿನಲ್ಲಿ ಅದಿದೆ. ಸೋರುತ್ತದೆ.

ಇನ್ನು ದೋಣಿ. ಮಾಳಿಗೆಯ ನೀರನ್ನು ಗೋಡೆಗೆ ತಾಗದಂತೆ ಬೀದಿಗೆ ಎಸೆಯುವ ಕಲ್ಲಿನ ಅಥವಾ ಮರದ ನಾಳ. ನೀರು ನಮ್ಮದು, ಬೀಳುವ ಜಾಗ ಪಕ್ಕದವರದು; ಜಗಳಕ್ಕೆ ಇನ್ನೇನು ಬೇಕು. ಈ ವಿಷಯದಲ್ಲಿ ನಮ್ಮ ಸೀಮೆಗೊಂದು ಹಿರಿಮೆಯಿದೆ. ಇಂಥ ಹಕ್ಕುಗಳನ್ನು ನೋಡಿಕೊಳ್ಳುವ 1882ರ ಈಸ್‌ಮೆಂಟ್ ಕಾಯ್ದೆ ಮೊದಲು ಜಾರಿಗೆ ಬಂದ ಕಡೆಗಳಲ್ಲಿ ಮದ್ರಾಸು ಪ್ರಾಂತ್ಯವೂ ಒಂದು. ಮುಂಬಯಿ ಪ್ರಾಂತ್ಯದ ಧಾರವಾಡದವರು ದೋಣಿಯ ಜಗಳವನ್ನು ಈ ಕಾಯ್ದೆಯಡಿ ಕೋರ್ಟಿಗೆ ಒಯ್ಯಲು 1891ರವರೆಗೆ ಕಾಯಬೇಕಾಯಿತು, ಪಾಪ. ನಮ್ಮವರು ಒಂಬತ್ತು ವರ್ಷ ಮುಂದಿದ್ದರು. ಇಪ್ಪತ್ತು ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ ನೀರು ಬಿಟ್ಟರೆ ಹಕ್ಕು ಹುಟ್ಟುತ್ತದೆ ಎನ್ನುತ್ತದೆ ಕಾಯ್ದೆ. ಬರೀ ಬೈಗುಳ ಅಡ್ಡಿಯಲ್ಲ. ಇನ್ನೊಬ್ಬ ಮನುಷ್ಯ ಕೈಯಾರೆ ತಡೆದು, ನೀರು ನಿಜವಾಗಿ ನಿಂತಿರಬೇಕು. ಬರಗಾಲದಲ್ಲಿ ಎರಡು ಮೂರು ವರ್ಷ ದೋಣಿಯಲ್ಲಿ ಹನಿ ನೀರು ಬೀಳದಿದ್ದರೆ? ಅದು ಮನುಷ್ಯ ಒಡ್ಡಿದ ತಡೆಯಲ್ಲವಾದ್ದರಿಂದ ಹಕ್ಕಿಗೆ ಧಕ್ಕೆಯಿಲ್ಲ. ಕೂಡ್ಲಿಗಿಯ ಆಕಾಶವನ್ನು ನೋಡಿಯೇ ಈ ಕಲಮು ಬರೆದರೇನೋ ಅನ್ನಿಸುತ್ತದೆ. ಆಕಾಶ ಸಹಕರಿಸದಿದ್ದರೂ ಜಗಳ ಮುಂದುವರಿಯಲು ಅವಕಾಶವಿದೆ.

ಇಂಥ ಮನೆಗಳನ್ನು ಉಳಿಸಬೇಕು ಎಂದು ಈಚೆಗೆ ಅಲ್ಲಲ್ಲಿ ಮಾತು ಕೇಳುತ್ತದೆ. ಕೇಳುವುದಕ್ಕೆ ಹಿತ. ಆದರೆ ಉಳಿಸುವುದು ಏನನ್ನು? ಇಂಗ್ಲೆಂಡಿನಲ್ಲಿ ಹಳೆಯ ಮನೆಗಳನ್ನು ಪಟ್ಟಿಗೆ ಹಾಕಿ, ಒಂದು ಹೆಂಚು ಅಲುಗಿಸಬೇಕಾದರೂ ಅಪ್ಪಣೆ ಬೇಕೆನ್ನುತ್ತಾರೆ. ಆ ಪಟ್ಟಿಯ ಅಧಿಕಾರಿಯೊಬ್ಬರು ನಮ್ಮ ಅತ್ತೆಯ ಮನೆಗೆ ಬಂದರೆಂದು ಇಟ್ಟುಕೊಳ್ಳಿ. "ಈ ಛಾವಣಿಯಲ್ಲಿ ಮೂಲದ್ದು ಯಾವುದು?" "ಎಲ್ಲಾ ಮೂಲದ್ದೇ." "ಈ ಮಣ್ಣು?" "ಅದು ಹೋದ ವರ್ಷದ್ದು." "ಅದರ ಕೆಳಗಿನದು?" "ಅದರ ಹಿಂದಿನ ವರ್ಷದ್ದು." "ಜಂತಿ?" "ನಾಲ್ಕು ನಮ್ಮ ಮಾವನ ಕಾಲದ್ದು, ಎರಡು ನಾನು ಹಾಕಿಸಿದ್ದು, ಒಂದು ಮೊನ್ನೆ ಬಿದ್ದದ್ದು." ಅಧಿಕಾರಿ ಕಾಗದ ಮಡಿಚಿಟ್ಟು ಚಹಾ ಕುಡಿದು ಹೋಗುತ್ತಾರೆ. ಅಥವಾ, ಅವರ ದೇಶದ್ದೇ ಒಂದು ಸಂಗತಿ ನೆನಪಾಗಿ ಉಳಿದುಕೊಂಡರೂ ಉಳಿದುಕೊಂಡಾರು. ಅಲ್ಲಿನ ಡೆವನ್ ಸೀಮೆಯ ಕೆಲವು ಹುಲ್ಲಿನ ಮನೆಗಳಲ್ಲಿ, ಮೇಲಿನ ಹುಲ್ಲನ್ನು ಮಾತ್ರ ಕಾಲಕಾಲಕ್ಕೆ ಬದಲಿಸುತ್ತ ಬಂದದ್ದರಿಂದ, ಅಡಿಯ ಪದರ ಮಧ್ಯಯುಗದ ಒಲೆಯ ಮಸಿ ಮೆತ್ತಿಕೊಂಡು ಇಂದಿಗೂ ಕೂತಿದೆ. ಮೇಲಿನದನ್ನು ಬದಲಿಸಿದ್ದರಿಂದಲೇ ಕೆಳಗಿನದು ಉಳಿಯಿತು. ಮಾಳಿಗೆಯ ನ್ಯಾಯವೂ ಇದೇ. ಅಲ್ಲಿ ಮೂಲದ್ದು ಅನ್ನಬಹುದಾದ ಒಂದೇ ಒಂದು ವಸ್ತುವೆಂದರೆ ವರ್ಷಕ್ಕೊಮ್ಮೆ ಏಣಿ ಹತ್ತುವ ಮನುಷ್ಯ. ಅವನೂ ಪ್ರತಿ ತಲೆಮಾರಿಗೆ ಹೊಸಬ.

ಇದನ್ನು ದೊಡ್ಡದಾಗಿ ನೋಡಬೇಕಾದರೆ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಗೆ ಹೋಗಬೇಕು. ಪಂಚಪೀಠಗಳಲ್ಲಿ ಒಂದಾದ ಊರು. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ನಮ್ಮ ಕಡೆ ಮಾತಿದೆ. ಒಳಗೆ ಹೋದವರು ಕತ್ತು ಮೇಲೆತ್ತಿ, ಮರುಳಸಿದ್ಧೇಶ್ವರನ ಗುಡಿಯ ಕೆತ್ತನೆ ನೋಡುತ್ತ ನಿಂತುಬಿಡುತ್ತಾರೆ. ನನಗೆ ಬೇಕಾದದ್ದು ಹೊರಗೆ. ವೈಶಾಖದ ಜಾತ್ರೆಯಲ್ಲಿ ತೇರಾದ ಮೇಲೆ ಆ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ದೇವರಿಗಲ್ಲ, ಶಿಖರಕ್ಕೆ. ಜರಿಮಲೆಯ ಪಾಳೇಗಾರರ ಮನೆತನದಿಂದ ಬಂದ ಎಣ್ಣೆ ಮೊದಲು. ಆಮೇಲೆ ಭಕ್ತರು ಕೊಡಗಳಲ್ಲಿ ತಂದದ್ದು. ಮೇಲೆ ಹತ್ತಿ ನಿಂತವರು ಸುರಿಯುತ್ತಲೇ ಇರುತ್ತಾರೆ. ಎಣ್ಣೆ ಕಲ್ಲಿನ ಮಡಿಕೆ ಮಡಿಕೆ ಇಳಿದು ಕೆಳಗೆ ಬರುತ್ತದೆ, ಕೆಳಗಿನವರು ತಲೆಗೆ ಹಚ್ಚಿಕೊಳ್ಳುತ್ತಾರೆ. ಹರಕೆ, ಭಕ್ತಿ, ಪ್ರತೀತಿ ಎಲ್ಲ ಇರಲಿ. ಮಳೆಗಾಲದ ಮುಂಚೆ, ವರ್ಷ ತಪ್ಪದೆ, ಊರಿಗೆ ಊರೇ ಸೇರಿ ಒಂದು ಕಟ್ಟಡದ ನೆತ್ತಿಗೆ ಎಣ್ಣೆ ಹಾಕುವುದನ್ನು ಇಲಾಖೆಯ ಟೆಂಡರಿನಲ್ಲಿ ಮಾಡಿಸಲಾದೀತೇ? ಸವಳು ಮಣ್ಣಿಗೂ ಯಾರಾದರೂ ಒಂದು ಜಾತ್ರೆ ಹಚ್ಚಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ.

ಗುಡಿಗಳ ಛಾವಣಿಗೆ ನೋಡುವವರು ಯಾವತ್ತೂ ಇದ್ದರು. ಮದ್ರಾಸಿನ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಎಂಬವರು ನಮ್ಮ ಬಾಗಳಿ, ನೀಲಗುಂದ, ಕುರುವತ್ತಿ, ಮಾಗಳ, ಹಿರೇಹಡಗಲಿ, ಹೂವಿನಹಡಗಲಿ ಗುಡಿಗಳನ್ನು ಅಳೆದು, ಚಿತ್ರ ಬರೆಸಿ, ಚಾಲುಕ್ಯ ವಾಸ್ತುಶಿಲ್ಪದ ಮೇಲೆ 1896ರಲ್ಲಿ ದೊಡ್ಡ ಗ್ರಂಥ ತಂದರು. ಒಳಮಾಡಿನ ಒಂದೊಂದು ಹೂವನ್ನೂ ಬಿಡಲಿಲ್ಲ. ಆ ಬಿಸಿಲಿನಲ್ಲಿ ಬಾಗಳಿಯ ಕಲ್ಲೇಶ್ವರನನ್ನು ಅಳೆದು ದಣಿದಾಗ ಯಾರದಾದರೂ ಮಾಳಿಗೆಯ ಕೆಳಗೆ ತಣ್ಣಗೆ ಕೂತಿರಲೇಬೇಕು. ಅದನ್ನು ಅಳೆಯಲಿಲ್ಲ. ಮನೆಯ ಜಂತಿಯನ್ನು ನಮ್ಮಲ್ಲಿ ಎಣಿಸುವುದು ಕೆಲಸವಿಲ್ಲದವರು, ಅದೂ ಮಲಗಿಕೊಂಡು.

ಮನೆಗಳನ್ನೇ ಎತ್ತಿಕೊಂಡು ಹೋದವರೂ ಇದ್ದಾರೆ, ಒಳ್ಳೆಯ ಅರ್ಥದಲ್ಲಿ. ಮಣಿಪಾಲದ ವಿಜಯನಾಥ ಶೆಣೈ ಅವರು ಬಿದ್ದುಹೋಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದರು. ನಮಗೆ ಹತ್ತಿರದ ಕುಕನೂರಿನ ಕಮಲ ಮಹಲೂ ಅಲ್ಲಿಗೆ ಹೋಗಿದೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯಿದೆ. ಅವರ ಶ್ರಮಕ್ಕೆ ನಮಸ್ಕಾರ. ಆದರೂ ಬಯಲುಸೀಮೆಯ ಮರ ವರ್ಷಕ್ಕೆ 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಸೀಮೆಯ ಮೊದಲ ಆಷಾಢ ಕಂಡಾಗ ಏನೆಂದುಕೊಂಡಿರಬಹುದು! ನಮ್ಮಲ್ಲೇ ಮರ ಹೊತ್ತು ಹೊರಟವರಿದ್ದರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಳೆಸಾಲಿನವರು ಗಾಡಿಗಳಲ್ಲಿ ತೊಲೆ, ಬಾಗಿಲು, ಕಂಬ ಹೇರಿಕೊಂಡು ಎತ್ತರದ ನೆಲಕ್ಕೆ ಬಂದರು. ಹೊಸ ಊರಿನ ಅಳತೆಯ ಸೈಟಿನಲ್ಲಿ ಹಳೆಯ ತೊಲೆ ಉದ್ದವಾಯಿತು. ತುದಿ ಕತ್ತರಿಸಿ ಹಾಕಿದರು. ಆ ತುಂಡುಗಳು ಹಿತ್ತಲಲ್ಲಿ ದನ ಕಟ್ಟುವ ಗೂಟವಾಗಿದ್ದನ್ನು ತೋರಿಸುವ ಮುದುಕರಿದ್ದಾರೆ.

ಈಗಿನ ಕಾಲದ್ದು ಬೇಗ ಹೇಳಿ ಮುಗಿಸಬಹುದು. ಮಗ ದುಡಿಯಲು ಹೋಗಿದ್ದಾನೆ, ಏಣಿ ಹತ್ತುವವರಿಲ್ಲ. ಒಂದು ವರ್ಷ ಬಿಟ್ಟರೆ ತೊಟ್ಟಿಕ್ಕುತ್ತದೆ, ಎರಡು ವರ್ಷ ಬಿಟ್ಟರೆ ಜಂತಿಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಆಗ ಯಾರೋ ಮೇಲೊಂದು ಸಿಮೆಂಟ್ ಗಿಲಾವು ಹಾಕಿಸಿಬಿಡಿ ಎನ್ನುತ್ತಾರೆ. ಮಾಳಿಗೆಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಕೆಳಗಿನ ಮಣ್ಣು ಹಿಗ್ಗುತ್ತದೆ ಕುಗ್ಗುತ್ತದೆ, ಸಿಮೆಂಟು ಎರಡೂ ಮಾಡದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಮತ್ತೆ ಆವಿಯಾಗಿ ಹೊರಗೆ ಹೋಗಲಾರದೆ ಮರಕ್ಕೆ ಇಳಿಯುತ್ತದೆ. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸುವವರ ಕಥೆಯೂ ಅದೇ. ಇನ್ನು ಕೆಲವರು ಹಳೆಯ ಮಾಳಿಗೆಯ ಮೇಲೆ ಕಬ್ಬಿಣದ ಕಂಬ ಎತ್ತಿ ನೀಲಿ ತಗಡು ಹೊದಿಸುತ್ತಾರೆ. ನೋಡಲು ಚಂದವಿಲ್ಲ, ಆದರೆ ನಾನು ಅದನ್ನು ಬೈಯುವುದಿಲ್ಲ. ಕೆಳಗೆ ತಂಪೂ ಉಳಿಯಿತು, ಜಂತಿಯೂ ಉಳಿಯಿತು. ಎಲ್ಲವನ್ನೂ ಕೆಡವಿ ತಾರಸಿ ಹಾಕಿದವರ ಮನೆಯಲ್ಲಿ ಐದಿಂಚಿನ ಕಾಂಕ್ರೀಟು ಹಗಲೆಲ್ಲ ಕಾದು, ರಾತ್ರಿ ಊಟಕ್ಕೆ ಕೂತವರ ನೆತ್ತಿಗೆ ಆ ಸೆಕೆಯನ್ನು ನಿಧಾನವಾಗಿ ಬಡಿಸುತ್ತದೆ. ಅವರು ಮೇ ತಿಂಗಳಲ್ಲಿ ಹಾಸಿಗೆ ಹೊತ್ತು ಅತ್ತೆಯ ಪಡಸಾಲೆಗೆ ಬಂದು, ಮಾಳಿಗೆ ಮನೆ ಈ ಕಾಲಕ್ಕಲ್ಲ ಎಂದು ಅಲ್ಲೇ ಮಲಗಿ ವಾದಿಸುತ್ತಾರೆ.

ಈ ಬೇಸಿಗೆಯಲ್ಲಿ ಅತ್ತೆಯ ಮಾಳಿಗೆಗೆ ಮಣ್ಣು ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲಿನಂತೆ ಬುಟ್ಟಿಯಲ್ಲಿ ತರುವವರಿಲ್ಲ, ಟ್ರ್ಯಾಕ್ಟರಿಗೆ ಹೇಳಿದೆ. ಚಾಲಕ ಇಪ್ಪತ್ತರ ಹುಡುಗ; ಸವಳು ಎಂದಾಗ ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಟ್ರೈಲರಿನ ತುಂಬ, ಮುಟ್ಟಿದರೆ ಬೆರಳಿಗೆ ಅಂಟುವಂಥ, ಎರಡು ಬೆಳೆ ತೆಗೆಯುವ ಕೆರೆಯಂಗಳದ ಗೋಡುಮಣ್ಣು ತಂದು ನಿಲ್ಲಿಸಿದ. ಅವನ ಮುಖದಲ್ಲಿ ಉಪಕಾರ ಮಾಡಿದವನ ಕಳೆಯಿತ್ತು. "ಆ ಸವಳು ಏನ್ ಮಣ್ರೀ ಅದು, ಒಂದ್ ಗರಿಕಿ ಹುಟ್ಟಂಗಿಲ್ಲ. ಹಿರೇರ ಮನಿ ಅಂತ ಚಲೋದ್ ತಂದೀನಿ" ಎಂದ. ಅತ್ತೆ ಪಡಸಾಲೆಯಿಂದ ಎದ್ದು ಬಂದು, ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡಿ, ಉಗುಳಿದರು. "ಸಿಹಿ ಐತಿ" ಎಂದರು. "ಇದನ್ನ ಮ್ಯಾಲೆ ಹಾಕಿದ್ರ ಮಳಿಗಾಲಕ್ಕ ಬದ್ನಿಕಾಯಿ ಬೆಳಿಬಹುದು. ಕೆಳಗ ನಾವು ಕೊಡಿ ಹಿಡ್ಕೊಂಡು ಕುಂದ್ರಬೇಕು. ವಾಪಸ್ ಒಯ್ಯಿ." ಹುಡುಗ ನನ್ನ ಮುಖ ನೋಡಿದ. ನಾನು ಮಾಳಿಗೆ ನೋಡಿದೆ. ಕೊನೆಗೆ ಆ ಗೋಡುಮಣ್ಣು ಪಕ್ಕದ ಮನೆಯ ಹಿತ್ತಲಿಗೆ ಹೋಯಿತು, ನಮ್ಮ ದೋಣಿಯ ನೀರು ಬೀಳುವ ಜಾಗಕ್ಕೆ. ಹುಡುಗ ಎರಡು ಟ್ರಿಪ್ಪಿನ ಡೀಸೆಲ್ಲನ್ನೂ ನನ್ನಿಂದಲೇ ವಸೂಲಿ ಮಾಡಿ, ಸವಳು ಎಲ್ಲಿ ಸಿಗುತ್ತದೆಂದು ಅತ್ತೆಯನ್ನು ಕೇಳಿಕೊಂಡು ಹೋದ.